ಮೊದಲು ರೋಗದ ಪೂರ್ತಿ ಹೆಸರು ಕೇಳಿ

ಈ ಸಲ ಬಂದ ಪತ್ರಗಳಲ್ಲಿ ರಕ್ತದ ಕ್ಯಾನ್ಸರ್ ಬಗ್ಗೆಯೇ ಜಾಸ್ತಿ. ಹೆಚ್ಚುಕಡಿಮೆ ಎಲ್ಲರದೂ ಒಂದೇ ಪ್ರಶ್ನೆ: "ಮೇಡಂ, ಹೊಸ ಔಷಧಿ ಏನಾದರೂ ಬಂದಿದೆಯಾ?" ಬಂದಿದೆ. ನಾನು ಕೆಲಸಕ್ಕೆ ಸೇರಿದಾಗ ಕನಸಲ್ಲೂ ಇಲ್ಲದ ಔಷಧಿಗಳು ಬಂದಿವೆ. ಆದರೆ ನಾನು ಔಷಧಿ ಬರೆದುಕೊಡುವ ಡಾಕ್ಟರ್ ಅಲ್ಲ. ಕಲಬುರಗಿಯಲ್ಲಿ 31 ವರ್ಷ ಸೂಕ್ಷ್ಮದರ್ಶಕದ ಮುಂದೆ ಕೂತು ರಕ್ತ ಮತ್ತು ಎಲುಬಿನ ಮಜ್ಜೆ ನೋಡಿದವಳು. ಅದಕ್ಕೇ ನನ್ನ ಉತ್ತರ ಯಾವಾಗಲೂ ಸ್ಲೈಡಿನಿಂದ ಶುರುವಾಗುತ್ತದೆ. "ಬ್ಲಡ್ ಕ್ಯಾನ್ಸರ್" ಅನ್ನುವುದು ಒಂದು ಓಣಿಯ ಹೆಸರು, ಮನೆಯ ಹೆಸರಲ್ಲ. ಯಾವ ಮನೆ ಅಂತ ಗೊತ್ತಿಲ್ಲದೆ ಯಾರ ಬಾಗಿಲು ಬಡಿಯುವುದು?

ಬರೆದವರ ಊರು ಮಾತ್ರ ಹಾಕಿದ್ದೇನೆ, ಹೆಸರು ಹಾಕಿಲ್ಲ.

*ನನ್ನ ಮಗನಿಗೆ 22 ವರ್ಷ. ಒಸಡಿನಿಂದ ರಕ್ತ ಬಂತು, ತೊಡೆ ಮೇಲೆ ನೀಲಿ ಕಲೆ ಎದ್ದವು. ಹೈದರಾಬಾದಿನಲ್ಲಿ ತೋರಿಸಿದಾಗ ಎ.ಪಿ.ಎಲ್. ಎಂದರು. ಕಿಮೋ ಬೇಕಾಗಿಲ್ಲ, ಕ್ಯಾಪ್ಸೂಲ್ ಮತ್ತು ಆರ್ಸೆನಿಕ್ ಸಲೈನ್ ಸಾಕು ಅನ್ನುತ್ತಾರೆ. ಆರ್ಸೆನಿಕ್ ಅಂದರೆ ಪಾಷಾಣ ಅಲ್ವಾ? ಊರಲ್ಲಿ ಎಲ್ಲರೂ "ಮಗನಿಗಿ ವಿಷ ಹಾಕಸ್ಲಾಕತ್ತೀರೇನು" ಅಂತ ಕೇಳುತ್ತಾರೆ. ವಾಪಸ್ ಕರೆದುಕೊಂಡು ಬರಲಾ?*
– ಆಳಂದ ತಾಲ್ಲೂಕು

ಅಣ್ಣಾವ್ರೇ, ಕೈ ಮುಗಿದು ಹೇಳುತ್ತೇನೆ, ಕರೆದುಕೊಂಡು ಬರಬೇಡಿ.

ನಿಮ್ಮ ಹೆದರಿಕೆ ಸುಳ್ಳಲ್ಲ. ನಮ್ಮ ಪಕ್ಕದ ಸುರಪುರ ತಾಲ್ಲೂಕಿನ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನಲ್ಲೇ ಆರ್ಸೆನಿಕ್ ಇತ್ತು. ವರ್ಷಗಟ್ಟಲೆ ಅದನ್ನು ಕುಡಿದ ಜನರ ಚರ್ಮದ ಮೇಲೆ ಕಲೆ, ಗಂಟು ಎದ್ದವು. ಆದರೆ ಗೊತ್ತಿಲ್ಲದೆ ವರ್ಷಾನುಗಟ್ಟಲೆ ಹೊಟ್ಟೆಗೆ ಹೋಗುವುದೇ ಬೇರೆ. ಆಸ್ಪತ್ರೆಯಲ್ಲಿ ತೂಕ ನೋಡಿ, ಅಳತೆ ಮಾಡಿ, ಇ.ಸಿ.ಜಿ. ತೆಗೆದು, ಪೊಟ್ಯಾಶಿಯಂ ಮತ್ತು ಮೆಗ್ನೀಷಿಯಂ ಪರೀಕ್ಷೆ ಮಾಡುತ್ತಾ ರಕ್ತನಾಳಕ್ಕೆ ಕೊಡುವುದೇ ಬೇರೆ.

ಎ.ಪಿ.ಎಲ್. ಅಂದರೆ ಅಕ್ಯೂಟ್ ಪ್ರೋಮೈಲೋಸೈಟಿಕ್ ಲ್ಯುಕೇಮಿಯಾ, ಬಿಳಿ ರಕ್ತಕಣದ ಒಂದು ಕ್ಯಾನ್ಸರ್. ಈ ರೋಗದ ಮುಖ ನನಗೆ ಚೆನ್ನಾಗಿ ಗೊತ್ತು. ಸ್ಲೈಡಿಗೆ ಬಣ್ಣ ಹಾಕಿ, ಎಣ್ಣೆಯ ಹನಿ ಬಿಟ್ಟು, ನೂರರ ಲೆನ್ಸ್ ಕೆಳಗಿಳಿಸಿದರೆ ಮೊದಲು ದೊಡ್ಡ ದೊಡ್ಡ ಕಣಗಳು ಕಾಣುತ್ತವೆ. ಒಳಗೆಲ್ಲ ಕೆಂಪು ನೇರಳೆ ಕಾಳು ಚೆಲ್ಲಿದ ಹಾಗಿರುತ್ತದೆ. ಇನ್ನೂ ಹುಡುಕಿದರೆ ಒಂದು ಕಣದೊಳಗೆ ಸಣ್ಣ ಸಣ್ಣ ಕಡ್ಡಿಗಳು ಕಟ್ಟು ಕಟ್ಟಾಗಿ ಬಿದ್ದಿರುತ್ತವೆ. ಥೇಟ್ ಹೊಲದ ಬದುವಿನಲ್ಲಿ ಒಟ್ಟಿದ ತೊಗರಿ ಕಟ್ಟಿಗೆ ಹೊರೆ. ಅದನ್ನು ಕಂಡ ತಕ್ಷಣ ನಾನು ವರದಿ ಬರೆಯುತ್ತಾ ಕೂರುತ್ತಿರಲಿಲ್ಲ. ವಾರ್ಡಿಗೆ ಫೋನ್ ಮಾಡುತ್ತಿದ್ದೆ.

ಯಾಕೆಂದರೆ ಈ ರೋಗ ಕೊಲ್ಲುವುದು ಮೊದಲ ಕೆಲವು ದಿನಗಳಲ್ಲಿ, ರಕ್ತಸ್ರಾವದಿಂದ. ನನ್ನ ಚಿಗವ್ವನ ಮಗ ಹಾಗೇ ಹೋದ. ನಾನು ಎಂ.ಡಿ. ಮುಗಿಸಿ ಬಂದ ಹೊಸತು. ಅವನಿಗೆ ಜ್ವರ, ಪ್ಲೇಟ್‌ಲೆಟ್ 18 ಸಾವಿರ. ಡೆಂಗಿ ಇರಬಹುದು ಅಂತ ಒಂದು ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡರು. ಸ್ಲೈಡ್ ಮಾಡಿ ಯಾರೂ ನೋಡಲಿಲ್ಲ. ಯಂತ್ರದಿಂದ ಬಂದ ಚೀಟಿಯನ್ನಷ್ಟೇ ನೋಡಿದರು. ನಾಲ್ಕನೇ ದಿನ ಸ್ಲೈಡ್ ನನ್ನ ಕೈಗೆ ಬಂತು, ಹೊರೆ ಕಂಡಿತು. ಅಷ್ಟರಲ್ಲಿ ಅವನ ಮೆದುಳಿನಲ್ಲಿ ರಕ್ತ ಸೋರಿತ್ತು. ಚಿಗವ್ವ ಇವತ್ತಿಗೂ "ಒಂದಿನ ಮೊದಲ ನೋಡಿದ್ದಿದ್ರ?" ಅಂತ ಕೇಳುತ್ತಾಳೆ. ಒಂದು ದಿನ ಮೊದಲು ನೋಡಿದ್ದರೆ ಅವನಿಗೆ ಒಂದು ದಾರಿ ಇರುತ್ತಿತ್ತು ಅಂತಲೇ ನನಗೂ ಅನ್ನಿಸುತ್ತದೆ.

ಈಗ ನಿಮ್ಮ ಮಗನ ಔಷಧಿಗೆ ಬರೋಣ. ಆ ಕ್ಯಾಪ್ಸೂಲ್ ವಿಟಮಿನ್ ಎ ಜಾತಿಯದು, ಹೆಸರು ಎ.ಟಿ.ಆರ್.ಎ. ಎ.ಪಿ.ಎಲ್.ನಲ್ಲಿ 15 ಮತ್ತು 17ನೇ ಕ್ರೋಮೋಸೋಮ್‌ಗಳ ತುಂಡುಗಳು ಅದಲುಬದಲಾಗಿ ಒಂದು ಕೆಟ್ಟ ಪ್ರೋಟೀನ್ ಹುಟ್ಟುತ್ತದೆ. ಅದರಿಂದ ಬಿಳಿ ರಕ್ತಕಣ ಬಲಿಯುವುದೇ ಇಲ್ಲ, ಎಳೆಯದಾಗಿಯೇ ಉಳಿದು ತುಂಬಿಕೊಳ್ಳುತ್ತದೆ. ಕ್ಯಾಪ್ಸೂಲ್ ಆ ಕಣವನ್ನು ಬಲಿಯುವಂತೆ ಮಾಡುತ್ತದೆ. ಆರ್ಸೆನಿಕ್ ಆ ಕೆಟ್ಟ ಪ್ರೋಟೀನನ್ನೇ ಹಿಡಿದು ಕರಗಿಸುತ್ತದೆ. ಎರಡೂ ಚೀನಾದಿಂದ ಬಂದ ದಾರಿಗಳು. 1970ರ ದಶಕದಲ್ಲಿ ಹಾರ್ಬಿನ್ ಊರಿನ ವೈದ್ಯರು ಆರ್ಸೆನಿಕ್ ಇರುವ ಒಂದು ನಾಟಿ ಔಷಧಿಯ ಜಾಡು ಹಿಡಿದು ಹೋದರು. 1980ರ ದಶಕದಲ್ಲಿ ಶಾಂಘೈನ ವಾಂಗ್ ಝೆನ್‌ಯಿ ಈ ಕ್ಯಾಪ್ಸೂಲನ್ನು ರೋಗಿಗಳಿಗೆ ಕೊಟ್ಟು ಗುಣ ಕಂಡರು. 2013ರಲ್ಲಿ ಇಟಲಿ ಮತ್ತು ಜರ್ಮನಿಯ ಡಾಕ್ಟರುಗಳು ಕಿಮೋ ಬಿಟ್ಟು ಇವೆರಡನ್ನೇ ಕೊಟ್ಟ ಫಲಿತಾಂಶ ಪ್ರಕಟಿಸಿದರು. ಎರಡು ವರ್ಷದ ನಂತರ ನೂರಕ್ಕೆ 99 ಜನ ಬದುಕಿದ್ದರು. ಬಿಳಿ ಕಣ 10 ಸಾವಿರದ ಒಳಗಿದ್ದವರ ಲೆಕ್ಕ ಇದು. ಅದಕ್ಕಿಂತ ಜಾಸ್ತಿ ಇದ್ದರೆ ಜೊತೆಗೆ ಬೇರೆ ಔಷಧಿಯೂ ಬೇಕಾಗುತ್ತದೆ. ನಮ್ಮ ವೆಲ್ಲೂರಿನ ಸಿ.ಎಂ.ಸಿ. ಡಾಕ್ಟರುಗಳೂ ಆರ್ಸೆನಿಕ್ ಚಿಕಿತ್ಸೆಯಲ್ಲಿ ಬಹಳ ಹಿಂದಿನಿಂದ ಕೆಲಸ ಮಾಡಿದ್ದಾರೆ.

ಶುರುವಿನ ವಾರಗಳಲ್ಲಿ ಉಸಿರು ಕಟ್ಟಿದ ಹಾಗಾದರೆ, ಜ್ವರ ಬಂದರೆ, ತೂಕ ದಿಢೀರ್ ಏರಿದರೆ ರಾತ್ರಿಯಾದರೂ ನರ್ಸ್‌ನ ಎಬ್ಬಿಸಿ ಹೇಳಿ. ಆಗಾಗ ಹಾಗಾಗುತ್ತದೆ, ಅದಕ್ಕೆ ಡೆಕ್ಸಾಮೆಥಾಸೋನ್ ಕೊಡುತ್ತಾರೆ. ಎಲ್ಲ ರಕ್ತದ ಕ್ಯಾನ್ಸರುಗಳಲ್ಲಿ ನಿಮ್ಮ ಮಗನಿಗೆ ಬಂದಿರುವುದು ಗುಣವಾಗುವ ಜಾತಿಯದು. ಊರವರು ಕೇಳಿದರೆ ಈ ಪುಟ ಓದಿ ಹೇಳಿ.

*ತಂದೆಗೆ 76 ವರ್ಷ. ಎ.ಎಂ.ಎಲ್. ಅಂತೆ. ದೊಡ್ಡ ಕಿಮೋ ತಡೆಯೋದಿಲ್ಲ, ತಿಂಗಳಿಗೆ ಏಳು ದಿನ ಇಂಜೆಕ್ಷನ್, ಜೊತೆಗೆ ಮಾತ್ರೆ ಎಂದರು. ವಯಸ್ಸಾಗಿದೆ ಅಂತ ಕೈ ಬಿಟ್ಟರೋ ಏನೋ ಅಂತ ನನಗೆ ಅನುಮಾನ.*
– ಭಾಲ್ಕಿ

ಕೈ ಬಿಟ್ಟಿಲ್ಲ. ಎ.ಎಂ.ಎಲ್. ಅಂದರೆ ಅಕ್ಯೂಟ್ ಮೈಲಾಯ್ಡ್ ಲ್ಯುಕೇಮಿಯಾ, ಬೇಗ ಏರುವ ರಕ್ತದ ಕ್ಯಾನ್ಸರ್. ಆ ಇಂಜೆಕ್ಷನ್ ಅಜಾಸಿಟಿಡಿನ್, ಮಾತ್ರೆ ವೆನೆಟೊಕ್ಲಾಕ್ಸ್ ಇರಬೇಕು. ಮುಂಚೆ ಈ ವಯಸ್ಸಿನವರಿಗೆ ರಕ್ತ ಹಾಕಿ ಮನೆಗೆ ಕಳಿಸುತ್ತಿದ್ದುದನ್ನು ನಾನೇ ನೋಡಿದ್ದೇನೆ. 2020ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಇಂಜೆಕ್ಷನ್ ಒಂದೇ ಪಡೆದವರಲ್ಲಿ ಅರ್ಧದಷ್ಟು ಜನ 9.6 ತಿಂಗಳು ದಾಟಿದರು. ಎರಡೂ ಪಡೆದವರಲ್ಲಿ ಅರ್ಧದಷ್ಟು ಜನ 14.7 ತಿಂಗಳು ದಾಟಿದರು. ಐದು ತಿಂಗಳಷ್ಟೇ ತಾನೇ ಅನ್ನಬೇಡಿ. ಅದು ನಡುವಿನ ಲೆಕ್ಕ. ಕೆಲವರು ಅದಕ್ಕಿಂತ ಬಹಳ ದಿನ ಬಾಳುತ್ತಾರೆ, ಅದರಲ್ಲಿ ಬಹುಪಾಲು ದಿನ ಮನೆಯಲ್ಲೇ ಇರುತ್ತಾರೆ. ರೋಗವನ್ನು ಪೂರ್ತಿ ಕಿತ್ತುಹಾಕುವ ಔಷಧಿ ಅಂತ ಮಾತ್ರ ನಾನು ಹೇಳಲಾರೆ.

ಡಾಕ್ಟರನ್ನು ಒಂದು ಮಾತು ಕೇಳಿ: "ಜೀನ್ ಪರೀಕ್ಷೆ ಆಗಿದೆಯಾ?" ಎ.ಎಂ.ಎಲ್. ಇರುವ ಮೂವರಲ್ಲಿ ಹೆಚ್ಚುಕಡಿಮೆ ಒಬ್ಬರಿಗೆ ಎಫ್.ಎಲ್.ಟಿ.3 ಎಂಬ ಜೀನ್ ಕೆಟ್ಟಿರುತ್ತದೆ. ಅದಕ್ಕೇ ಅಂತ ಮಿಡೋಸ್ಟಾರಿನ್, ಗಿಲ್ಟರಿಟಿನಿಬ್ ಎಂಬ ಮಾತ್ರೆಗಳಿವೆ. ಐ.ಡಿ.ಎಚ್. ಜೀನ್ ಕೆಟ್ಟಿದ್ದರೆ ಬೇರೆ ಮಾತ್ರೆ. ಕೆ.ಎಂ.ಟಿ.2ಎ ಜೀನ್ ಮುರಿದು ಬೇರೆ ಜೀನಿಗೆ ಅಂಟಿಕೊಂಡಿದ್ದು, ರೋಗ ಮರುಕಳಿಸಿದ್ದರೆ ರೆವುಮೆನಿಬ್ ಎಂಬ ಹೊಸ ಮಾತ್ರೆಗೆ ಅಮೆರಿಕದಲ್ಲಿ 2024ರ ನವೆಂಬರ್‌ನಲ್ಲಿ ಅನುಮತಿ ಸಿಕ್ಕಿತು. ನೋಡಿ, ಹೊರಗಿನಿಂದ ಎಲ್ಲವೂ ಒಂದೇ ಎ.ಎಂ.ಎಲ್. ನನ್ನ ಸ್ಲೈಡಿನಲ್ಲೂ ಎಷ್ಟೋ ಸಲ ವ್ಯತ್ಯಾಸ ಕಾಣುವುದಿಲ್ಲ. ಜೀನ್ ಪರೀಕ್ಷೆಯಲ್ಲೇ ಕಾಣಬೇಕು. ದುಡ್ಡು ಉಳಿಸಲು ಈ ಪರೀಕ್ಷೆ ಬಿಟ್ಟರೆ ಆಮೇಲೆ ಎಷ್ಟು ದುಡ್ಡು ಸುರಿದರೂ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಮನೆಯಲ್ಲಿ: ಮಾತ್ರೆ ಊಟದ ಜೊತೆ. ಚಕ್ಕೋತದ ಜಾತಿಯ ಹಣ್ಣು ಬೇಡ, ಔಷಧಿ ರಕ್ತದಲ್ಲಿ ಹೆಚ್ಚಾಗುತ್ತದೆ. ಶಿಲೀಂಧ್ರದ ಮಾತ್ರೆ ಬೇರೆ ಯಾರಾದರೂ ಬರೆದುಕೊಟ್ಟರೆ ಕ್ಯಾನ್ಸರ್ ಡಾಕ್ಟರಿಗೆ ಕೇಳದೆ ನುಂಗಿಸಬೇಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ಡೋಲೊ ಕೊಟ್ಟು ಬೆಳಗಿನವರೆಗೆ ಕಾಯಬೇಡಿ, ಆಗಲೇ ಹೊರಡಿ. ರೊಟ್ಟಿ ಜೊತೆ ಹಸಿ ಉಳ್ಳಾಗಡ್ಡಿ, ಸೌತೆಕಾಯಿ ಇಲ್ಲದೆ ಅವರಿಗೆ ಊಟ ಸೇರುವುದಿಲ್ಲ ಅಂತ ಬರೆದಿದ್ದೀರಿ. ಬಿಳಿ ಕಣ ಏರುವವರೆಗೆ ಬೇಯಿಸಿದ ಪಲ್ಯವನ್ನೇ ಹಾಕಿ.

*ನನ್ನ ಅಣ್ಣನ ಮಗನಿಗೆ 19 ವರ್ಷ. ಎ.ಎಲ್.ಎಲ್. ವಾಸಿಯಾಗಿ ಮತ್ತೆ ಬಂದಿದೆ. ಭಾರತದಲ್ಲೇ ಕಾರ್-ಟಿ ಅಂತ ಬಂದಿದೆ, ಒಂದೇ ಸಲಕ್ಕೆ ಗುಣವಾಗುತ್ತದೆ ಅಂತ ಮೊಬೈಲಿನಲ್ಲಿ ನೋಡಿದೆವು. ಹೊಲ ಮಾರಲಾ?*
– ಶಹಾಪುರ

ತಂಗಿ, ಹೊಲದ ಮಾತು ಆಮೇಲೆ. ಮೊದಲು ಅವನ ಕಾಗದ ತೆಗೆದು ಎರಡು ವಿಷಯ ನೋಡಿ. ಎ.ಎಲ್.ಎಲ್. ಅಂದರೆ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಲಿಂಫೋಸೈಟ್ ಎಂಬ ಬಿಳಿ ಕಣದ ಕ್ಯಾನ್ಸರ್. ಅವನದು ಅದರಲ್ಲಿ ಬಿ ಜಾತಿಯದು ಹೌದಾ? ಮರುಕಳಿಸಿದ ಕಣಗಳ ಮೇಲೆ ಸಿ.ಡಿ.19 ಎಂಬ ಗುರುತು ಇದೆಯಾ? ಕಣಗಳ ಮೇಲಿನ ಗುರುತು ನೋಡುವ ಫ್ಲೋ ಸೈಟೋಮೆಟ್ರಿ ಪರೀಕ್ಷೆಯ ವರದಿಯಲ್ಲಿ ಬರೆದಿರುತ್ತದೆ. ಈ ಗುರುತು ಇಲ್ಲದಿದ್ದರೆ ಈಗ ನಮ್ಮಲ್ಲಿ ಸಿಗುವ ಕಾರ್-ಟಿ ಅವನಿಗೆ ಆಗುವುದಿಲ್ಲ.

ಚಿಕಿತ್ಸೆ ಹೀಗಿದೆ. ರೋಗಿಯ ರಕ್ತದಿಂದಲೇ ಟಿ ಕಣಗಳನ್ನು, ಅಂದರೆ ರೋಗದ ವಿರುದ್ಧ ಹೋರಾಡುವ ಒಂದು ಜಾತಿಯ ಬಿಳಿ ಕಣಗಳನ್ನು, ತೆಗೆಯುತ್ತಾರೆ. ಸಿ.ಡಿ.19 ಗುರುತಿಸುವ ಒಂದು ಜೀನನ್ನು ಅವಕ್ಕೆ ಸೇರಿಸಿ, ಬೆಳೆಸಿ, ವಾಪಸ್ ಹಾಕುತ್ತಾರೆ. 2012ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಎಮಿಲಿ ವೈಟ್‌ಹೆಡ್ ಎಂಬ ಪುಟ್ಟ ಹುಡುಗಿಗೆ ಕೊಟ್ಟರು. ಮಕ್ಕಳಲ್ಲಿ ಅವಳೇ ಮೊದಲು. ಎರಡು ಸಲ ರೋಗ ಮರುಕಳಿಸಿದ ಮಗು ಬದುಕಿತು. 2017ರಲ್ಲಿ ಅಲ್ಲಿ ಮಾರಾಟಕ್ಕೆ ಬಂದಾಗ ಬೆಲೆ 4,75,000 ಡಾಲರ್. ನಮ್ಮ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ಮಾಡಿದ ನೆಕ್ಸ್‌ಕಾರ್19ಕ್ಕೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. 15 ವರ್ಷ ದಾಟಿದವರಿಗೆ, ರೋಗ ಮರುಕಳಿಸಿದಾಗ ಕೊಡಬಹುದು. ಬಂದಾಗ ಖರ್ಚು ಸುಮಾರು 40 ಲಕ್ಷ ರೂಪಾಯಿ ಇತ್ತು. ಅಲ್ಲಿಗಿಂತ ಬಹಳ ಕಡಿಮೆ, ಆದರೂ ನಮ್ಮ ಮನೆಗಳಿಗೆ ಬೆಟ್ಟದಷ್ಟು.

"ಒಂದೇ ಸಲಕ್ಕೆ ಗುಣ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವರಿಗೆ ಹಾಗೇ ಆಗುತ್ತದೆ. ಕೆಲವರಲ್ಲಿ ಕ್ಯಾನ್ಸರ್ ಕಣ ಆ ಗುರುತನ್ನೇ ಕಳಚಿ ಹಾಕಿ ಮತ್ತೆ ಬರುತ್ತದೆ. ಎಷ್ಟೋ ಜನಕ್ಕೆ ಆಮೇಲೆ ಮಜ್ಜೆ ಕಸಿ ಬೇಕಾಗುತ್ತದೆ. ಬ್ಲಿನಾಟುಮೊಮಾಬ್ ಎಂಬ ಇನ್ನೊಂದು ಔಷಧಿಯೂ ಇದೆ. ಅದು ಒಂದು ಕೈಯಲ್ಲಿ ಟಿ ಕಣವನ್ನು, ಇನ್ನೊಂದು ಕೈಯಲ್ಲಿ ಕ್ಯಾನ್ಸರ್ ಕಣವನ್ನು ಹಿಡಿದು ಹತ್ತಿರ ತರುತ್ತದೆ. ಪಂಪಿನಲ್ಲಿ 28 ದಿನ ಬಿಡದೆ ಹನಿಹನಿಯಾಗಿ ಹೋಗುತ್ತದೆ. ಅವನಿಗೆ ಯಾವುದು ಮೊದಲು ಅನ್ನುವುದನ್ನು ಕಸಿ ಮಾಡುವ ಡಾಕ್ಟರ್ ಬಾಯಿಂದಲೇ ಕೇಳಿ.

ನಮ್ಮ ಕಲಬುರಗಿಯಲ್ಲೇ ಕಿದ್ವಾಯಿ ಕೇಂದ್ರವಿದೆ. ಕಾಗದ ತೆಗೆದುಕೊಂಡು ಮೊದಲು ಅಲ್ಲಿಗೆ ಹೋಗಿ, ಅಲ್ಲಿಂದ ಬೆಂಗಳೂರಿಗೆ ಚೀಟಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಟಿಕೆಟ್ ಪೂರ್ತಿ ಉಚಿತ, ಜೊತೆಗೆ ಹೋಗುವವರಿಗೆ ಮುಕ್ಕಾಲು ಭಾಗ ರಿಯಾಯಿತಿ. ಆಸ್ಪತ್ರೆಯ ಡಾಕ್ಟರ್ ಸಹಿ ಮಾಡಿದ ಅರ್ಜಿ ಬೇಕು. ಇಷ್ಟು ಆಗುವವರೆಗೆ ಹೊಲದ ಪಹಣಿ ಪೆಟ್ಟಿಗೆಯಲ್ಲೇ ಇರಲಿ.

*ಅವ್ವನಿಗೆ ಎಂ.ಡಿ.ಎಸ್. ತಿಂಗಳಿಗೆ ಎರಡು ಬಾಟಲಿ ರಕ್ತ ಹಾಕಿಸುತ್ತೇವೆ. ಇದೇನು ಕೊನೆಯವರೆಗೂ ಹೀಗೇನಾ?*
– ಚಿಂಚೋಳಿ

ಎಂ.ಡಿ.ಎಸ್. ಅಂದರೆ ಮಜ್ಜೆಯಲ್ಲಿ ಕಣ ಹುಟ್ಟುತ್ತದೆ, ನೆಟ್ಟಗೆ ಬೆಳೆಯುವುದಿಲ್ಲ. ಸೌಮ್ಯ ಜಾತಿಯದಾದರೆ ಲಸ್ಪಾಟರ್ಸೆಪ್ಟ್ ಎಂಬ ಇಂಜೆಕ್ಷನ್ ಇದೆ, ಮೂರು ವಾರಕ್ಕೊಮ್ಮೆ ಚರ್ಮದ ಕೆಳಗೆ. ರಕ್ತ ಹಾಕಿಸುವುದು ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ನಿಂತಿದೆ. ಮಜ್ಜೆಗೆ ಕಬ್ಬಿಣದ ಬಣ್ಣ ಹಾಕಿ ನೋಡಿದಾಗ ಉಂಗುರದ ಕಣ ಕಂಡವೇ ಅಂತ ಕೇಳಿ, ಅವಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಫೆರಿಟಿನ್ ಪರೀಕ್ಷೆಯನ್ನೂ ಮಾಡಿಸಿ. ಹಾಕಿದ ರಕ್ತದ ಕಬ್ಬಿಣ ಲಿವರಿನಲ್ಲಿ, ಹೃದಯದಲ್ಲಿ ಕೂರುತ್ತದೆ. ರಕ್ತ ಕಡಿಮೆ ಇದೆ ಅಂತ ಸುಮ್ನೆ ಕಬ್ಬಿಣದ ಟಾನಿಕ್ ಕುಡಿಸುತ್ತಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ.

*ತಮ್ಮನಿಗೆ ಅಪ್ಲಾಸ್ಟಿಕ್ ಅನೀಮಿಯಾ. ಮಜ್ಜೆ ಕೊಡಲು ನನ್ನದು ಪೂರ್ತಿ ಹೊಂದಿದೆ. ಮದುವೆಯಾಗಿ ಒಂದು ವರ್ಷ ಆಯಿತು. ಬೆನ್ನುಹುರಿ ಹಾಳಾಗುತ್ತದೆ, ಮಕ್ಕಳಾಗುವುದಿಲ್ಲ ಅಂತ ಅತ್ತೆ ಒಪ್ಪುತ್ತಿಲ್ಲ. ಗಂಡ ಸುಮ್ಮನಿದ್ದಾರೆ.*
– ಹುಮನಾಬಾದ್

ಒಬ್ಬ ಅಕ್ಕನದೋ ಅಣ್ಣನದೋ ಪೂರ್ತಿ ಹೊಂದುವುದು ನಾಲ್ಕರಲ್ಲಿ ಒಂದು ಪಾಲು ಮಾತ್ರ. ನಿಮ್ಮದು ಹೊಂದಿದೆ ತಾಯೀ. ಈ ರೋಗ ಕ್ಯಾನ್ಸರ್ ಅಲ್ಲ, ಮಜ್ಜೆಯ ಕಾರ್ಖಾನೆ ಖಾಲಿ ಬಿದ್ದಿದೆ ಅಷ್ಟೇ. ಅವನ ಸ್ಲೈಡಿನಲ್ಲಿ ಕಣಗಳ ಜಾಗದಲ್ಲಿ ಬರೀ ಕೊಬ್ಬಿನ ಗುಳ್ಳೆ ಕಾಣುತ್ತದೆ. ಹೊಂದುವ ಒಡಹುಟ್ಟಿದವರಿರುವ ಚಿಕ್ಕ ವಯಸ್ಸಿನವರಿಗೆ ಕಸಿಯೇ ಮೊದಲ ಚಿಕಿತ್ಸೆ. ಇಲ್ಲದವರಿಗೆ ಮೈಯ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಎ.ಟಿ.ಜಿ., ಸೈಕ್ಲೊಸ್ಪೋರಿನ್ ಔಷಧಿಗಳ ಜೊತೆಗೆ ಈಗ ಎಲ್ಟ್ರೊಂಬೊಪ್ಯಾಗ್ ಮಾತ್ರೆ ಸೇರಿಸಿ ಕೊಡುತ್ತಾರೆ.

ಅತ್ತೆಯವರಿಗೆ ಇದನ್ನು ಓದಿ ಹೇಳಿ. ಮಜ್ಜೆ ತೆಗೆಯುವುದು ಸೊಂಟದ ಹಿಂದಿನ ಎಲುಬಿನಿಂದ. ಬೆನ್ನುಹುರಿಯ ಹತ್ತಿರ ಸೂಜಿ ಹೋಗುವುದೇ ಇಲ್ಲ. ಅರಿವಳಿಕೆ ಕೊಟ್ಟಿರುತ್ತಾರೆ, ಕೆಲವು ದಿನ ಸೊಂಟ ನೋಯುತ್ತದೆ, ತೆಗೆದಷ್ಟು ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬುತ್ತದೆ. ಇನ್ನೊಂದು ದಾರಿಯಲ್ಲಿ ನಾಲ್ಕೈದು ದಿನ ಇಂಜೆಕ್ಷನ್ ಕೊಟ್ಟು, ಕೈಯ ನಾಳದಿಂದ ಯಂತ್ರದಲ್ಲಿ ಕಣ ಬೇರೆ ಮಾಡುತ್ತಾರೆ. ಯಾವುದು ಅಂತ ಡಾಕ್ಟರ್ ಹೇಳುತ್ತಾರೆ. ಮಕ್ಕಳಾಗುವುದಕ್ಕೆ ಎರಡರಿಂದಲೂ ಅಡ್ಡಿಯಿಲ್ಲ. ಗರ್ಭಿಣಿಯಾಗಿದ್ದರೆ ಮಾತ್ರ ತೆಗೆಯುವುದಿಲ್ಲ, ಅದಕ್ಕೇ ಮುಂಚೆ ಒಂದು ಪರೀಕ್ಷೆ ಮಾಡಿಸುತ್ತಾರೆ.

ಇನ್ನೊಂದು ಮಾತು, ಮರೆಯಬೇಡಿ. ಕಸಿ ಆಗುವವರೆಗೆ ತಮ್ಮನಿಗೆ ನೀವಾಗಲಿ, ಅಪ್ಪ ಅವ್ವ ಆಗಲಿ ರಕ್ತ ಕೊಡಬೇಡಿ. ಮನೆಯವರ ರಕ್ತ ಹಾಕಿದರೆ ಅವನ ಮೈ ಆಮೇಲೆ ನಿಮ್ಮ ಮಜ್ಜೆಯನ್ನು ಒಪ್ಪದೆ ಹೋಗಬಹುದು. ಹೊರಗಿನವರ ರಕ್ತವೇ ಬೇಕು. ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಗಂಡನನ್ನು ಜೊತೆಗೆ ಕರೆದುಕೊಂಡು ಹೋಗಿ, ಡಾಕ್ಟರ ಎದುರು ಕೂರಿಸಿ. ಬಾಯಿ ಬಿಟ್ಟು ಕೇಳಲಾಗದೆ ಅವರೂ ಹೆದರಿರಬಹುದು.