ನಿಮ್ಮ ಲೇಖನದಲ್ಲಿ ಆ ಎಂಟು ನಿಮಿಷ ಎಲ್ಲಿ?

ನಮಸ್ಕಾರ,

ಮಂಗಳದ ರೋವರ್‌ಗಳ ಡೇಟಾವನ್ನು ಭೂಮಿಗೆ ಸಾಗಿಸುವ ಆರ್ಬಿಟರ್‌ಗಳ (ಗ್ರಹವನ್ನು ಸುತ್ತುವ ನೌಕೆಗಳ) ಬಗ್ಗೆ ನೀವು ಬರೆದ ‘ಮಂಗಳನ ಮೊಬೈಲ್ ಟವರ್‌ಗಳು’ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ನಿಮ್ಮ ಕನ್ನಡ ತಿಳಿಯಾಗಿದೆ, ವಿಷಯವೂ ಒಳ್ಳೆಯದು. ಆದರೆ ತಲೆಬರಹದ ಹೋಲಿಕೆಯೇ ಲೇಖನವನ್ನು ದಾರಿ ತಪ್ಪಿಸಿದೆ. ಟವರ್ ನಿಂತಲ್ಲೇ ನಿಂತಿರುತ್ತದೆ, ಬೇಕೆಂದಾಗ ಸಿಗುತ್ತದೆ. ಮಂಗಳದ ಆರ್ಬಿಟರ್‌ಗಳು ಹಾಗಲ್ಲ. ಸುಮಾರು 300 ಕಿ.ಮೀ. ಎತ್ತರದಲ್ಲಿ ಸುತ್ತುವ ನಾಸಾದ ಎಂಆರ್‌ಒ (ಮಾರ್ಸ್ ರೆಕನೈಸೆನ್ಸ್ ಆರ್ಬಿಟರ್), ಕ್ಯೂರಿಯಾಸಿಟಿ ರೋವರ್‌ನ ಕೈಗೆ ಒಂದು ಸಲಕ್ಕೆ ಸಿಗುವುದು ಎಂಟು ನಿಮಿಷದಷ್ಟು. ಅಷ್ಟರಲ್ಲಿ 100ರಿಂದ 250 ಮೆಗಾಬಿಟ್ ಸಾಗಬೇಕು. ಆ 250 ಮೆಗಾಬಿಟ್ಟನ್ನು ರೋವರ್ ನೇರವಾಗಿ ಭೂಮಿಗೆ ಕಳಿಸಹೊರಟರೆ 20 ಗಂಟೆಯವರೆಗೂ ಹಿಡಿದೀತು. ರಿಲೇ, ಅಂದರೆ ಆರ್ಬಿಟರ್ ಮೂಲಕ ದಾಟಿಸುವುದು, ಯಾಕೆ ಬೇಕು ಎನ್ನಲು ಇಷ್ಟು ಸಾಕು. ನಿಮ್ಮ ‘ಅದ್ಭುತ’, ‘ಅಗಾಧ’ಗಳನ್ನು ತೆಗೆದು ಈ ಅಂಕಿಗಳನ್ನು ಹಾಕಿ.

ಒಂದೇ ಒಂದು ಪಾಸ್ (ಆರ್ಬಿಟರ್ ರೋವರ್‌ನ ಮೇಲೆ ಒಮ್ಮೆ ಹಾದುಹೋಗುವುದು) ತೆಗೆದುಕೊಂಡು ಮೊದಲಿಂದ ಕೊನೆಯವರೆಗೆ ಬಿಡಿಸಿ ಬರೆಯಿರಿ. ಯಾವ ಆರ್ಬಿಟರ್ ಯಾವ ರೋವರ್‌ಗೆ ಎಷ್ಟು ಹೊತ್ತಿಗೆ ಎಂಬುದು ಮುಂಚೆಯೇ ಗೊತ್ತುಮಾಡಿರುತ್ತಾರೆ; ಆ ಹೊತ್ತಿಗೆ ರೋವರ್ ಎಚ್ಚರವಿರಬೇಕು. ಆರ್ಬಿಟರ್ 400 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್ ರೇಡಿಯೋ ತರಂಗದಲ್ಲಿ ಕೂಗುತ್ತದೆ, ರೋವರ್ ಓಗೊಡುತ್ತದೆ, ಆಮೇಲೆ ಡೇಟಾ. ದಿಗಂತದ ಬಳಿ ದೂರ ಹೆಚ್ಚಾದ್ದರಿಂದ ಸಿಗ್ನಲ್ ಕ್ಷೀಣ. ಮೇಲೇರಿದಂತೆ ಬಲ ಬರುತ್ತದೆ. ಎಂಆರ್‌ಒದ ಎಲೆಕ್ಟ್ರಾ ರೇಡಿಯೋ ಇದನ್ನು ಅಳೆಯುತ್ತಲೇ ವೇಗವನ್ನು ಏರಿಸಿ ಇಳಿಸುತ್ತದೆ, ಸೆಕೆಂಡಿಗೆ 2 ಮೆಗಾಬಿಟ್‌ವರೆಗೆ. ಕೆಟ್ಟ ಫ್ರೇಮ್ (ಡೇಟಾದ ತುಂಡು) ಬಂದರೆ ಮತ್ತೆ ಕಳಿಸಿಕೊಳ್ಳುತ್ತದೆ. ಗುಡ್ಡ ಅಡ್ಡ ಬಂದರೆ, ರೋವರ್ ವಾಲಿ ನಿಂತು ಆಂಟೆನಾದ ಮುಖ ಬೇರೆಡೆ ಇದ್ದರೆ, ಅದೇ ಪಾಸ್‌ನಲ್ಲಿ ಡೇಟಾ ಕಡಿಮೆ ಬರುತ್ತದೆ. ಭೂಮಿಗೆ ತಲುಪಿದ್ದು ಖಾತ್ರಿಯಾಗುವವರೆಗೆ ರೋವರ್ ತನ್ನ ಪ್ರತಿಯನ್ನು ಅಳಿಸುವಂತಿಲ್ಲ. ಪಾಸ್‌ಗಳು ತಪ್ಪುತ್ತಾ ಹೋದರೆ ಅದರ ಮೆಮೊರಿ ತುಂಬುತ್ತದೆ.

ಪಾಸ್ ತಪ್ಪಿದರೆ ಏನಾಗುತ್ತದೆ ಎಂಬುದನ್ನೇ ನೀವು ಬರೆದಿಲ್ಲ. ಲೇಖನದ ಜೀವ ಇರುವುದು ಅಲ್ಲಿ. ಮರುದಿನದ ಯೋಜನೆಗೆ ಬೇಕಾದ ಚಿತ್ರಗಳು ಮಧ್ಯಾಹ್ನದ ಪಾಸ್‌ನಲ್ಲಿ ಬರಬೇಕು. ಬಾರದಿದ್ದರೆ ರೋವರ್ ಎಲ್ಲಿ ನಿಂತಿದೆ, ಎದುರಿಗೆ ಕಲ್ಲೋ ಮರಳೋ ತಿಳಿಯದು. ತಂಡ ಸಾಮಾನ್ಯವಾಗಿ ಅದನ್ನು ಓಡಿಸುವುದಿಲ್ಲ. ಒಂದು ದಿನದ ಪಯಣ ಹೋಯಿತು. ಆರ್ಬಿಟರ್‌ಗಳೂ ಕೈಕೊಡುತ್ತವೆ: 2022ರ ಫೆಬ್ರವರಿಯಲ್ಲಿ ಸೇಫ್ ಮೋಡ್‌ಗೆ (ತೊಂದರೆಯಾದಾಗ ಅಗತ್ಯ ಕೆಲಸ ಮಾತ್ರ ಉಳಿಸಿಕೊಳ್ಳುವ ಸ್ಥಿತಿಗೆ) ಹೋದ ನಾಸಾದ ಆರ್ಬಿಟರ್ ಮೇವೆನ್ ಸುಮಾರು ಮೂರು ತಿಂಗಳು ರಿಲೇಗೆ ಸಿಗಲಿಲ್ಲ. ಇಂಥ ಹೊತ್ತಿಗೆ ಬೇರೆ ದಾರಿಯೂ ಇರಬೇಕು; ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್‌ನಲ್ಲಿ ನಾಸಾ ಕೊಟ್ಟ ಎರಡು ಎಲೆಕ್ಟ್ರಾ ರೇಡಿಯೋಗಳಿವೆ. ಇನ್ನು, ಸುಮಾರು 26 ತಿಂಗಳಿಗೊಮ್ಮೆ ಸೂರ್ಯ ನಡುವೆ ಬಂದಾಗ ಎರಡು ವಾರ ಆದೇಶ ಕಳಿಸುವುದನ್ನೇ ನಿಲ್ಲಿಸುತ್ತಾರೆ. ಸೂರ್ಯನ ಬಳಿ ಹಾಯುವ ಸಿಗ್ನಲ್ ಕೆಡಬಹುದು; ಅರ್ಧ ಕೆಟ್ಟ ಆದೇಶ ತಲುಪುವುದಕ್ಕಿಂತ ತಲುಪದಿರುವುದೇ ಕ್ಷೇಮ.

ಒಂದು ತಪ್ಪನ್ನು ತಿದ್ದಲೇಬೇಕು. ಮಂಗಳಯಾನ ರೋವರ್‌ಗಳ ಡೇಟಾ ಸಾಗಿಸಿತು ಎಂದಿದ್ದೀರಿ. ಇಲ್ಲ, ಅದರಲ್ಲಿ ರಿಲೇ ರೇಡಿಯೋ ಇರಲಿಲ್ಲ, ಸುಮಾರು 77,000 ಕಿ.ಮೀ.ವರೆಗೆ ಚಾಚಿದ ಅದರ ಕಕ್ಷೆ ಆ ಕೆಲಸಕ್ಕೆ ಹೊಂದುವಂಥದ್ದೂ ಅಲ್ಲ. ನಮ್ಮ ಉದಾಹರಣೆ ಬೇಕಿದ್ದರೆ ಚಂದ್ರನ ಕಡೆ ನೋಡಿ: 2023ರ ಆಗಸ್ಟ್‌ನಲ್ಲಿ ಚಂದ್ರಯಾನ-3ರ ಲ್ಯಾಂಡರ್ ಇಳಿಯುವ ಮೊದಲೇ ಚಂದ್ರಯಾನ-2ರ ಆರ್ಬಿಟರ್ ಜೊತೆ ಸಂಪರ್ಕ ಸಾಧಿಸಿತು. ಬೆಂಗಳೂರು ಬಳಿ ಬ್ಯಾಲಾಳಿನಲ್ಲಿರುವ ಇಸ್ರೋ ಆಂಟೆನಾಗಳಿಗೆ ನೇರ ದಾರಿಯ ಜೊತೆಗೆ ಅದು ಇನ್ನೊಂದು ದಾರಿ.

ತಿದ್ದಿ 1,200 ಪದಗಳೊಳಗೆ ಕಳಿಸಿ. ಅದರಲ್ಲಿ ಅರ್ಧ ಆ ಒಂದು ಪಾಸ್‌ಗೆ ಮೀಸಲಿಡಿ.

— ಸಂಪಾದಕರು