ಮುಖ ತೋರಿಸಲಾಗದವರ ಸಿನಿಮಾ

ಪ್ರಶ್ನೆ: ಮನೆಗೆಲಸ ಮಾಡುವ ಐವರು ಹೆಂಗಸರ ಬಗ್ಗೆ ಸಾಕ್ಷ್ಯಚಿತ್ರ ಮಾಡುತ್ತಿದ್ದೇನೆ. ಮಾತಾಡುತ್ತಾರೆ, ಆದರೆ ಕೆಲಸ ಹೋದೀತೆಂದು ಯಾರೂ ಮುಖ ತೋರಿಸಲು ಒಪ್ಪುತ್ತಿಲ್ಲ. ಮುಖ ಮಸುಕು ಮಾಡಿದರೆ ಕಳ್ಳರ ಹಾಗೆ ಕಾಣುತ್ತಾರೆ. ಏನು ಮಾಡಲಿ?

ಉತ್ತರ: ಮಸುಕು ಬೇಡವೇ ಬೇಡ. ನಿಮಗೆ ಕಸಿವಿಸಿಯಾದದ್ದು ಸರಿಯಾಗಿಯೇ ಇದೆ.

ದೃಶ್ಯವನ್ನೂ ದನಿಯನ್ನೂ ಬೇರೆ ಮಾಡಿ. ಮೊದಲು ಕ್ಯಾಮೆರಾ ಇಲ್ಲದೆ, ಬರೀ ರೆಕಾರ್ಡರ್ ಇಟ್ಟುಕೊಂಡು ಅವರ ಜೊತೆ ಕೂತುಕೊಳ್ಳಿ. ಕೈ, ಬಕೆಟ್, ಒದ್ದೆ ನೆಲ, ಮೆಟ್ಟಿಲನ್ನು ಆಮೇಲೆ ಚಿತ್ರೀಕರಿಸಿ. ಒಂದು ಎಚ್ಚರಿಕೆ: ದಿನಾ ಕೇಳುವ ಮಾಲೀಕರಿಗೆ ದನಿಯೊಂದರಿಂದಲೇ ಗುರುತು ಸಿಕ್ಕಿಬಿಡುತ್ತದೆ. ಅವರು ಒಪ್ಪಿದರೆ, ಒಬ್ಬಳ ಮಾತನ್ನು ಇನ್ನೊಬ್ಬಳು ಹೇಳಲಿ. ಯಾರದು ಯಾರ ಕಥೆ ಎಂದು ತಿಳಿಯದಿದ್ದರೆ ಸಿನಿಮಾಕ್ಕೆ ನಷ್ಟವಿಲ್ಲ, ಹೊಸದೊಂದು ಬಲವೇ ಬರುತ್ತದೆ.

ಇಂಥ ಪ್ರಯೋಗಗಳು ಎಷ್ಟೋ ಸಲ ಇಕ್ಕಟ್ಟಿನಲ್ಲೇ ಹುಟ್ಟಿವೆ. ಪಶ್ಚಿಮ ಆಫ್ರಿಕಾದ ಅಬಿಜಾನ್ ನಗರಕ್ಕೆ ದುಡಿಯಲು ಬಂದಿದ್ದ ನೈಜರ್ ದೇಶದ ವಲಸಿಗರನ್ನು ಫ್ರಾನ್ಸಿನ ನಿರ್ದೇಶಕ ಜಾನ್ ರೂಶ್ ಚಿತ್ರೀಕರಿಸಿದಾಗ ಕ್ಯಾಮೆರಾದ ಜೊತೆಗೇ ದನಿ ಹಿಡಿಯುವ ಸೌಲಭ್ಯ ಇರಲಿಲ್ಲ. ಆಮೇಲೆ ಪರದೆಯ ಮೇಲೆ ತನ್ನನ್ನೇ ನೋಡುತ್ತ, ಆ ವಲಸಿಗರಲ್ಲೊಬ್ಬನಾದ ಊಮರೂ ಗಾಂಡಾ ಬಾಯಿಗೆ ಬಂದಂತೆ ಮಾತಾಡಿದ. ಆ ಮಾತೇ 1958ರ ಆ ಚಿತ್ರದ ಜೀವ. ಮುಂದೆ ಗಾಂಡಾ ತಾನೇ ನಿರ್ದೇಶಕನಾದ.

ನನ್ನ ಅನುಭವವೊಂದನ್ನು ಹೇಳಬೇಕು. ಕಸ ಬೇರ್ಪಡಿಸುವ ಒಬ್ಬ ಹೆಂಗಸಿನ ಮಾತಿನ ನಡುವಿನ ಏಳು ಸೆಕೆಂಡ್ ಮೌನವನ್ನು ಎಡಿಟಿಂಗ್‌ನಲ್ಲಿ ಕತ್ತರಿಸಿದ್ದೆ. ತೋರಿಸಿದಾಗ ಆಕೆ ಕೇಳಿದ್ದು ಒಂದೇ: "ಅಲ್ಲಿ ನಾನು ಸುಮ್ಮನಿದ್ದೆನಲ್ಲ, ಅದೆಲ್ಲಿ ಹೋಯ್ತು?" ಸತ್ತ ಮಗನ ಹೆಸರು ಹೇಳಲೋ ಬೇಡವೋ ಎಂದು ಆಕೆ ಯೋಚಿಸಿದ ಹೊತ್ತು ಅದು. ಕೈಯಲ್ಲಿದ್ದ ಚೀಲದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ ಸಣ್ಣ ಸದ್ದೂ ಅದರಲ್ಲಿತ್ತು. ನನಗದು ಬರೀ ಖಾಲಿ ಜಾಗವಾಗಿ ಕಂಡಿತ್ತು. ಮರಳಿ ಜೋಡಿಸಿದೆ. ಅಂದಿನಿಂದ ಮಾತಾಡಿದವರು ನೋಡದೆ ನನ್ನ ಯಾವ ಎಡಿಟಿಂಗೂ ಮುಗಿಯುವುದಿಲ್ಲ.

ಕೆನಡಾದ ಫೋಗೋ ದ್ವೀಪದಲ್ಲಿ 1967ರಲ್ಲಿ ನಿರ್ದೇಶಕ ಕಾಲಿನ್ ಲೋ ಹೀಗೆಯೇ ನಡೆದುಕೊಂಡರು. ಊರು ಬಿಡಬೇಕಾದೀತೆಂಬ ಆತಂಕದಲ್ಲಿದ್ದ ಮೀನುಗಾರರಿಗೆ ಅವರದೇ ಚಿತ್ರಗಳನ್ನು ಮೊದಲು ತೋರಿಸಿದರು. ಬೇಡವೆಂದದ್ದನ್ನು ತೆಗೆಸಿಹಾಕುವ ಹಕ್ಕು ಆ ಮೀನುಗಾರರಿಗಿತ್ತು.

ನೀವೂ ತೋರಿಸಿ. ಆದರೆ ಐವರನ್ನೂ ಒಟ್ಟಿಗೆ ಕೂರಿಸಬೇಡಿ, ಒಬ್ಬೊಬ್ಬರಿಗೇ ತೋರಿಸಿ. ಉಳಿದವರ ಎದುರು "ಇದು ಬೇಡ" ಎನ್ನಲು ಸಂಕೋಚವಾಗುತ್ತದೆ. ನೋಡಿದ ಮೇಲೆ ಮನಸ್ಸು ಬದಲಿಸಲು ಒಂದು ವಾರ ಕೊಡಿ.