ಅಪ್ಪನಿಗೂ ಮಗನಿಗೂ ಒಂದೇ ವೇಕ್‌ಬೋರ್ಡ್ ಸಾಕಾ?

ಪ್ರಶ್ನೆ: ನಾನು ಶಿವಮೊಗ್ಗದ ವಿನೋಬನಗರದವನು. ವಯಸ್ಸು 41, ತೂಕ 82 ಕೆ.ಜಿ. ಮಗನಿಗೆ 9 ವರ್ಷ, 27 ಕೆ.ಜಿ. ಇದ್ದಾನೆ. ಬರುವ ಬೇಸಿಗೆ ರಜೆಗೆ ಅಮೆರಿಕದ ಟೆಕ್ಸಾಸ್‌ನಲ್ಲಿರುವ ತಮ್ಮನ ಮನೆಗೆ ಹೋಗುತ್ತಿದ್ದೇವೆ. ಅವನ ಸ್ನೇಹಿತರದ್ದು ಬೋಟ್ ಇದೆಯಂತೆ, ವೇಕ್‌ಬೋರ್ಡ್ ಆಡೋಣ ಬನ್ನಿ ಅಂತ ಕರೆದಿದ್ದಾರೆ. ಇಬ್ಬರಿಗೂ ಈಜು ಬರುತ್ತದೆ, ಆದರೆ ಈ ಆಟ ಹೊಸದು. 136 ಸೆಂ.ಮೀ. ಉದ್ದದ ಒಂದೇ ಬೋರ್ಡ್ ತಗೊಂಡ್ರೆ ಇಬ್ಬರಿಗೂ ಆಗುತ್ತೆ, ಹುಡುಗ ಹೇಗೂ ಬೆಳೀತಾನಲ್ಲ ಅನ್ನುತ್ತಾನೆ ತಮ್ಮ. ಫಿನ್, ರಾಕರ್, ಬೈಂಡಿಂಗ್ ಅಂತೆಲ್ಲ ಓದಿ ತಲೆ ಕೆಟ್ಟಿದೆ. ಏನು ಕೊಳ್ಳಲಿ?

ಉತ್ತರ: ಒಂದೇ ಬೋರ್ಡ್ ಆಗಲ್ಲ ಮಾರಾಯ್ರೇ. ಯೂನಿಫಾರ್ಮ್ ಆದರೆ ಒಂದು ಸೈಜ್ ದೊಡ್ಡದು ತಂದು ಮಡಚಿ ಹೊಲಿಸಬಹುದು. ಬೋರ್ಡಿಗೆ ಆ ಉಪಾಯ ಇಲ್ಲ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಎರಡೂ ಕಾಲನ್ನು ಒಂದು ಹಲಗೆಗೆ ಕಟ್ಟಿಕೊಂಡು, ಬೋಟಿನ ಹಗ್ಗ ಹಿಡಿದು, ಬೋಟ್ ಹಿಂದೆ ಏಳುವ ಅಲೆಯ ಮೇಲೆ ಅಡ್ಡ ನಿಂತು ಜಾರುವ ಆಟ ಇದು. ನಾನು ಸಾಗರದಲ್ಲಿ ಅಡಿಕೆ ತೋಟ ನೋಡಿಕೊಳ್ಳುವುದಕ್ಕೆ ಮುಂಚೆ ಗಲ್ಫಿನ ರೆಸಾರ್ಟ್ ಒಂದರಲ್ಲಿ ಬೋಟ್ ಓಡಿಸುತ್ತಿದ್ದೆ. ಹಗ್ಗದ ಆ ತುದಿಯಲ್ಲಿ ಯಾರು ಯಾಕೆ ಬೀಳುತ್ತಾರೆ ಅನ್ನೋದು ಕನ್ನಡಿಯಲ್ಲಿ ಚೆನ್ನಾಗಿ ಕಾಣುತ್ತಿತ್ತು. ಮಕ್ಕಳ ವಿಷಯದಲ್ಲಿ ಎಷ್ಟೋ ಸಲ ತಪ್ಪು ಬೋರ್ಡಿನದ್ದೇ ಇರುತ್ತಿತ್ತು, ಮಗುವಿನದ್ದಲ್ಲ.

ಬೋರ್ಡಿನ ಉದ್ದ ನಿರ್ಧಾರ ಆಗೋದು ತೂಕದ ಮೇಲೆ. ಎತ್ತರ, ವಯಸ್ಸು ಆಮೇಲಿನ ಮಾತು. ನಿಮ್ಮ 82 ಕೆ.ಜಿ.ಗೆ 138ರಿಂದ 142 ಸೆಂ.ಮೀ. ಸರಿ. ಎರಡು ಸೈಜಿನ ನಡುವೆ ಸಿಕ್ಕಿಹಾಕಿಕೊಂಡರೆ ಹೊಸಬರು ದೊಡ್ಡದನ್ನೇ ತಗೊಳ್ಳಿ. ಬೋರ್ಡ್ ಅಗಲ, ಉದ್ದ ಇದ್ದಷ್ಟೂ ನೀರಿನಿಂದ ಏಳೋದು ಸುಲಭ. ಮಗನಿಗೆ 110ರಿಂದ 120 ಸೆಂ.ಮೀ. ಒಳಗೆ ನೋಡಿ. ಪ್ರತಿ ಕಂಪನಿಯೂ ಬೋರ್ಡಿನ ಜೊತೆ ತೂಕದ ಪಟ್ಟಿ ಕೊಡುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇರುತ್ತೆ, ಕೊಳ್ಳುವ ಬೋರ್ಡಿನ ಪಟ್ಟಿಯನ್ನೇ ನಂಬಿ. ಹೊರಡುವ ಮುಂಚೆ ಇಬ್ಬರೂ ತೂಕ ನೋಡಿಕೊಳ್ಳಿ. ರಜೆಗೆ ಮುಂಚಿನ ಮದುವೆ ಸೀಸನ್ನಿನಲ್ಲಿ ನಿಮ್ಮ 82 ಹಾಗೇ ಇರುತ್ತೆ ಅಂತ ನನಗೇನೂ ನಂಬಿಕೆ ಇಲ್ಲ.

ಈಗ ತಮ್ಮ ಹೇಳಿದ 136ರ ಮೇಲೆ 27 ಕೆ.ಜಿ. ಹುಡುಗನನ್ನು ನಿಲ್ಲಿಸಿ ನೋಡೋಣ. ಕಾಲು ಕೂರಿಸುವ ಬೈಂಡಿಂಗನ್ನು ಬೋರ್ಡಿನಲ್ಲಿರುವ ತೂತುಗಳಿಗೆ ಸ್ಕ್ರೂ ಹಾಕಿ ಬಿಗಿಯುತ್ತಾರೆ. ದೊಡ್ಡ ಬೋರ್ಡಿನಲ್ಲಿ ಎಷ್ಟೇ ಹತ್ತಿರ ತಂದರೂ ಎರಡು ಕಾಲಿನ ಅಂತರ ಅವನ ಭುಜದ ಅಗಲಕ್ಕಿಂತ ಜಾಸ್ತಿಯೇ ಉಳಿಯುತ್ತದೆ. ಕಾಲು ಅಗಲಿಸಿ ನಿಂತ ಹುಡುಗ ಮಂಡಿ ಮಡಿಸೋದು ಹೇಗೆ? ಬೋರ್ಡ್ ತಿರುಗಿಸೋ ಶಕ್ತಿಯೂ ಅವನಿಗಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ನಿಮ್ಮ ಪಾದಕ್ಕೆ ಹೊಂದುವ ಬೈಂಡಿಂಗ್ ಅವನಿಗೆ ಸಡಿಲ. ಬಿದ್ದಾಗ ಒಂದು ಕಾಲು ಕಳಚಿಕೊಳ್ಳುತ್ತದೆ, ಇನ್ನೊಂದು ಅದರಲ್ಲೇ ಉಳಿಯುತ್ತದೆ. ಆಗ ಬೋರ್ಡ್ ಒಂದು ಕಡೆ ತಿರುಗಿ, ಮೈ ಇನ್ನೊಂದು ಕಡೆ ಹೋಗಿ, ಮಂಡಿ ತಿರುಚುತ್ತದೆ. ಈ ಆಟದಲ್ಲಿ ನನಗೆ ಹೆದರಿಕೆ ಇರೋದು ಇದರದ್ದೇ.

ಹಾಗಾಗಿ ದುಡ್ಡನ್ನು ಮಗನ ಬೋರ್ಡಿಗೆ ಹಾಕಿ. ನಿಮ್ಮದನ್ನು ಆ ಸ್ನೇಹಿತರ ಹತ್ತಿರ ಕೇಳಿ ನೋಡಿ. ಬೋಟ್ ಇಟ್ಟುಕೊಂಡವರ ಶೆಡ್ಡಿನಲ್ಲಿ ದೊಡ್ಡವರ ಬೋರ್ಡ್ ಒಂದಾದರೂ ಬಿದ್ದಿರುತ್ತದೆ. ಒಂಬತ್ತು ವರ್ಷದ ಹುಡುಗನ ಕಾಲಿಗೆ ಆಗುವ ಬೈಂಡಿಂಗ್ ಮಾತ್ರ ಯಾರ ಮನೆಯಲ್ಲೂ ಸಿಗಲ್ಲ. ಜನ ಉಲ್ಟಾ ಮಾಡುತ್ತಾರೆ. ಅಪ್ಪನಿಗೆ ಮಿರಿಮಿರಿ ಹೊಸ ಬೋರ್ಡ್, ಮಗನಿಗೆ ಯಾರದ್ದೋ ಹಳೇದು.

ಬೈಂಡಿಂಗ್ ಬಗ್ಗೆ ಇನ್ನೂ ಸ್ವಲ್ಪ. ಬೆರಳ ತುದಿ ತೆರೆದಿರುವುದು, ಮುಚ್ಚಿರುವುದು ಅಂತ ಎರಡು ಜಾತಿ. ಮುಚ್ಚಿರುವುದು ಶೂ ಥರ, ಒಬ್ಬರ ಅಳತೆಗೆ ಮಾತ್ರ. ನಿಮಗೆ ತೆರೆದ ತುದಿಯದ್ದೇ ಬೇಕು. ಎರಡು ಮೂರು ನಂಬರಿನ ಕಾಲಿಗೆ ಒಂದೇ ಬೈಂಡಿಂಗ್ ಹೊಂದುತ್ತದೆ, ಮಗ ಬೆಳೆದರೂ ಇನ್ನೊಂದೆರಡು ವರ್ಷ ನಡೆಯುತ್ತದೆ. ಬೆಳೆಯೋ ಮಕ್ಕಳ ಲೆಕ್ಕ ಹಾಕೋದಾದರೆ ಇಲ್ಲಿ ಹಾಕಿ, ಬೋರ್ಡಿನ ಉದ್ದದಲ್ಲಿ ಬೇಡ. ನಂಬರಿನಲ್ಲಿ ಎಡವಬೇಡಿ. ನಮ್ಮ ಚಪ್ಪಲಿ ಅಂಗಡಿಯಲ್ಲಿ ಸಾಮಾನ್ಯವಾಗಿ ನಡೆಯೋದು ಬ್ರಿಟಿಷ್ ಅಳತೆ. ಅಮೆರಿಕದ ಗಂಡಸರ ಅಳತೆ ಅದಕ್ಕಿಂತ ಸುಮಾರು ಒಂದು ನಂಬರ್ ಜಾಸ್ತಿ. ನಿಮ್ಮ 8 ಅಲ್ಲಿ 9 ಆಗುತ್ತದೆ. ಮಗನ ಪಾದವನ್ನು ಕಾಗದದ ಮೇಲಿಟ್ಟು ಗೆರೆ ಎಳೆದು ಸೆಂಟಿಮೀಟರಿನಲ್ಲಿ ಅಳೆದುಕೊಂಡು ಹೋಗೋದು ಇನ್ನೂ ಒಳ್ಳೆಯದು.

ಅಂಗಡಿಯಲ್ಲಿ ಹಾಕಿ ನೋಡುವಾಗ ದಾರ ಬಿಗಿಸಿ, ಹುಡುಗನಿಗೆ ಮುಂದಕ್ಕೆ ಬಾಗಲು ಹೇಳಿ. ಹಿಮ್ಮಡಿ ಮೇಲೆ ಎದ್ದರೆ ಅದು ಸಡಿಲ. ಬೆರಳು ಜೋಮು ಹಿಡಿದರೆ ಬಿಗಿ. ಒಣಗಿದ ಬೈಂಡಿಂಗಿನಲ್ಲಿ ಕಾಲು ತೂರಿಸೋದು ಕಷ್ಟ, ಮಕ್ಕಳು ಅಲ್ಲೇ ಅಳು ಶುರು ಮಾಡುತ್ತಾರೆ. ನಾವು ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿಯನ್ನು ನೀರಿಗೆ ಬೆರೆಸಿ ಬಾಟಲಿಯಲ್ಲಿ ಇಟ್ಟುಕೊಳ್ಳುತ್ತಿದ್ದೆವು. ಒಳಗೆ ಸವರಿದರೆ ಕಾಲು ಸರಕ್ಕನೆ ಕೂರುತ್ತದೆ.

ರಾಕರ್ ಅಂದರೆ ಬೋರ್ಡಿನ ಬಾಗು. ಬೋರ್ಡನ್ನು ನೆಲದ ಮೇಲಿಟ್ಟು ಪಕ್ಕದಿಂದ ನೋಡಿ. ತೊಟ್ಟಿಲ ಕಾಲಿನ ಹಾಗೆ ಈ ತುದಿಯಿಂದ ಆ ತುದಿಗೆ ಒಂದೇ ಬಾಗು ಇದ್ದರೆ ಅದು ಕಂಟಿನ್ಯೂಯಸ್ ರಾಕರ್. ನಡುವೆ ಚಪ್ಪಟೆ ಇದ್ದು ಎರಡೂ ತುದಿ ತಟ್ಟನೆ ಮೇಲೆದ್ದಿದ್ದರೆ ತ್ರೀ ಸ್ಟೇಜ್. ಎರಡನೆಯದು ಅಲೆಯ ಮೇಲಿಂದ ಜೋರಾಗಿ ಮೇಲಕ್ಕೆ ಎಸೆಯುತ್ತದೆ, ಹಾರುವವರಿಗೆ ಅದು ಇಷ್ಟ. ನಿಮಗಿಬ್ಬರಿಗೂ ಮೊದಲನೆಯದು. ಅಂಗಡಿಯವರು ಎಷ್ಟೇ ಹೊಗಳಿದರೂ ಸರಿ.

ಫಿನ್ ಇರುವ ಬೋರ್ಡನ್ನೇ ತಗೊಳ್ಳಿ, ಬಿಚ್ಚಲು ಬರುವಂಥದ್ದು. ಅಡಿಯಲ್ಲಿರುವ ಈ ರೆಕ್ಕೆ ಬೋರ್ಡನ್ನು ನೇರ ದಾರಿಯಲ್ಲಿ ಇಡುತ್ತದೆ. ಹೊಸಬರಿಗೆ ಅಷ್ಟು ಸಹಾಯ ಬೇಕು. ಟೆಕ್ಸಾಸ್‌ನಲ್ಲಿ ಬೋಟ್ ಇಲ್ಲದೆ, ಮೇಲಿನ ಕೇಬಲ್ ಎಳೆದುಕೊಂಡು ಹೋಗುವ ಪಾರ್ಕುಗಳೂ ಇವೆ. ಅಲ್ಲಿಗೆಂದು ಮಾಡಿದ ಬೋರ್ಡುಗಳಲ್ಲಿ ಸಾಮಾನ್ಯವಾಗಿ ಫಿನ್ ಇರಲ್ಲ. ರೇಟು ಕಮ್ಮಿ ಇದೆ ಅಂತ ಅದನ್ನು ತಂದು ಬೋಟ್ ಹಿಂದೆ ಕಟ್ಟಿದರೆ ಹುಡುಗ ಎಲ್ಲೆಲ್ಲೋ ಜಾರುತ್ತಾನೆ. ಅಂಚು ದುಂಡಗಿರಲಿ. ಚೂಪು ಅಂಚು ನೀರಿಗೆ ಕಚ್ಚಿಕೊಂಡು ಮುಖ ಅಡಿಯಾಗಿ ಬೀಳಿಸುತ್ತದೆ. ಬಣ್ಣ ಮಗನೇ ಆರಿಸಲಿ.

ಯಾವ ಕಾಲು ಮುಂದೆ ಅನ್ನೋದನ್ನು ಮನೆಯಲ್ಲೇ ನೋಡಿಕೊಳ್ಳಿ. ಸಾಕ್ಸ್ ಹಾಕಿಕೊಂಡು ರೆಡ್ ಆಕ್ಸೈಡ್ ನೆಲದ ಮೇಲೆ ಓಡಿಬಂದು ಜಾರಲಿ. ತಾನಾಗಿ ಮುಂದೆ ಬಂದ ಕಾಲು ಯಾವುದೋ ಅದೇ. ಎಡವೂ ಆಗಬಹುದು, ಬಲವೂ ಆಗಬಹುದು. ಮುಂದಿನ ಬೈಂಡಿಂಗ್ ಬೋರ್ಡಿನ ಮುಂದಿನ ತುದಿಯ ಕಡೆ ಸುಮಾರು 15 ಡಿಗ್ರಿ ತಿರುಗಿರಲಿ, ಹಿಂದಿನದು ಸೊನ್ನೆಯಲ್ಲೇ, ಅಂದರೆ ಬೋರ್ಡಿಗೆ ನೇರ ಅಡ್ಡವಾಗಿ ಇರಲಿ.

ಇನ್ನೊಂದು ಅಭ್ಯಾಸಕ್ಕೂ ನೀರು ಬೇಡ. ಮಗ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು, ಮಂಡಿ ಎದೆಗೆ ತಾಗಿಸಿ, ಹಗ್ಗಕ್ಕೆ ಕಟ್ಟಿದ ಕೋಲು ಹಿಡಿದುಕೊಳ್ಳಲಿ. ನೀವು ನಿಧಾನ ಎಳೆಯಿರಿ. ಕೈ ಮಡಚಿ ತನ್ನ ಕಡೆ ಎಳೆದುಕೊಂಡರೆ ಹಿಂದಕ್ಕೆ ಕೂತುಬಿಡುತ್ತಾನೆ. ಕೈ ನೇರ ಇಟ್ಟು ಸುಮ್ನೆ ಇದ್ದರೆ ನಿಮ್ಮ ಎಳೆತಕ್ಕೆ ತಾನೇ ಎದ್ದು ನಿಲ್ಲುತ್ತಾನೆ. ನೀರಲ್ಲೂ ನಡೆಯೋದು ಇಷ್ಟೇ. ದೊಡ್ಡವರೇ ಇದನ್ನು ಕೇಳಲ್ಲ. ತೋಳಿನ ಬಲದಲ್ಲಿ ಏಳಲು ಹೋಗಿ ಮೂಗಿಗೆ ನೀರು ತುಂಬಿಸಿಕೊಳ್ಳುತ್ತಾರೆ.

ಬೋಟ್ ಓಡಿಸುವವರಿಗೆ ಮೊದಲೇ ಹೇಳಿಡಿ. ಮಗನಿಗೆ ಗಂಟೆಗೆ 20ರಿಂದ 24 ಕಿ.ಮೀ. ಸಾಕು, ಅಲ್ಲಿನ ಮೀಟರಿನಲ್ಲಿ 12ರಿಂದ 15 ಮೈಲಿ. ನಿಮಗೆ 18ರಿಂದ 20 ಮೈಲಿ. ಹಗ್ಗ ಮಗನಿಗೆ ಹತ್ತು ಮೀಟರಿನ ಆಸುಪಾಸು ಇರಲಿ, ಹಿಗ್ಗದ ಹಗ್ಗವೇ ಆಗಿರಲಿ. ಬೋರ್ಡ್ ಮೇಲಿರುವವರು ಹೆಬ್ಬೆರಳು ಮೇಲೆ ತೋರಿಸಿದರೆ ಜೋರು, ಕೆಳಗೆ ತೋರಿಸಿದರೆ ನಿಧಾನ. ಬಿದ್ದ ಮೇಲೆ ಕೈ ಎತ್ತಿದರೆ ಏನೂ ಆಗಿಲ್ಲ ಅಂತ ಅರ್ಥ. ಬೋಟಿನಲ್ಲಿ ಹಿಂದಕ್ಕೆ ನೋಡಿಕೊಂಡೇ ಕೂರಲು ಇನ್ನೊಬ್ಬರು ಬೇಕು, ಅವರ ಕೈಯಲ್ಲಿ ಫೋನ್ ಬೇಡ. ಹುಡುಗ ಬೋಟ್ ಹತ್ತಿರ ಬಂದಾಗ ಇಂಜಿನ್ ಪೂರ್ತಿ ಆಫ್ ಆಗಿರಬೇಕು. ನ್ಯೂಟ್ರಲ್ ಸಾಲದು.

ಪ್ರಶ್ನೆ: ನಮ್ಮ ಮಗಳಿಗೆ 6 ವರ್ಷ. ಈಜು ಬರಲ್ಲ. ಲೈಫ್ ಜಾಕೆಟ್ ಹಾಕಿದ್ರೆ ವೇಕ್‌ಬೋರ್ಡ್ ಕಲಿಸಬಹುದಲ್ವಾ? ಅವಳ ಮಾವ ಕೂಡ ಟೆಕ್ಸಾಸ್‌ನಲ್ಲೇ ಇದ್ದಾರೆ. – ಸಾಗರದ ಓದುಗರು

ಉತ್ತರ: ಈ ರಜೆಗೆ ಬೇಡ ಅಕ್ಕಾ. ಜಾಕೆಟ್ ಮಗುವನ್ನು ತೇಲಿಸುತ್ತದೆ, ನಿಜ. ಆದರೆ ಕಾಲಿಗೆ ಹಲಗೆ ಕಟ್ಟಿಕೊಂಡು, ಮುಖಕ್ಕೆ ನೀರು ರಾಚಿ, ಬೋಟ್ ತಿರುಗಿ ಬರುವ ತನಕ ಒಬ್ಬಳೇ ನೀರಲ್ಲಿರಬೇಕಲ್ಲ. ನೀರಿನ ಅಭ್ಯಾಸ ಇಲ್ಲದ ಮಗು ಅಷ್ಟರಲ್ಲಿ ಹೆದರಿಬಿಡುತ್ತದೆ, ಆಮೇಲೆ ವರ್ಷಗಟ್ಟಲೆ ನೀರಿಗೆ ಇಳಿಯಲ್ಲ. ಮೊದಲು ಪೂಲಿನಲ್ಲಿ ಈಜು ಕಲಿಸಿ. ಮುಖ ಮುಳುಗಿಸಿ ಏಳೋದು, ಅಂಗಾತ ತೇಲೋದು ಇಷ್ಟು ಬಂದರೂ ಆಮೇಲೆ ನೋಡಬಹುದು.

ಜಾಕೆಟ್ ಅಂತೂ ಈಗಲೇ ಕೊಳ್ಳಿ, ಬೋಟಿನಲ್ಲಿ ಕೂರಲಿಕ್ಕೂ ಬೇಕು. ಟೆಕ್ಸಾಸ್‌ನಲ್ಲಿ 26 ಅಡಿಗಿಂತ ಚಿಕ್ಕ ಬೋಟ್ ಓಡುತ್ತಿರುವಾಗ 13 ವರ್ಷದ ಒಳಗಿನ ಮಕ್ಕಳು ಜಾಕೆಟ್ ಹಾಕಲೇಬೇಕು ಅಂತ ಕಾನೂನೇ ಇದೆ. ಮಕ್ಕಳ ಜಾಕೆಟ್ ಕೂಡ ತೂಕದ ಮೇಲೆ ಬರುತ್ತದೆ. ಒಳಗೆ ಅಮೆರಿಕದ ಕೋಸ್ಟ್ ಗಾರ್ಡ್ ಒಪ್ಪಿಗೆ ಇದೆ ಅನ್ನೋ ಚೀಟಿ ಇರಬೇಕು. ನೋಡಲು ತೆಳ್ಳಗೆ ಚೆಂದ ಇರುವ ಕಾಂಪಿಟಿಷನ್ ವೆಸ್ಟ್ ಅಂತ ಸಿಗುತ್ತೆ, ಅದರಲ್ಲಿ ತೇಲಿಸುವ ಗುಣ ಕಡಿಮೆ. ಬೇಡ. ಹಾಕಿದ ಮೇಲೆ ಎರಡೂ ಭುಜದ ಹತ್ತಿರ ಹಿಡಿದು ಮೇಲಕ್ಕೆ ಎತ್ತಿ ನೋಡಿ. ಜಾಕೆಟ್ ಕಿವಿಯ ತನಕ ಬಂದರೆ ದೊಡ್ಡದಾಯಿತು ಅಂತ ಲೆಕ್ಕ.

ಪ್ರಶ್ನೆ: ಮಗ ಆಸ್ಟ್ರೇಲಿಯಾದಲ್ಲಿ ಓದುತ್ತಿದ್ದಾನೆ. ಸೆಕೆಂಡ್ ಹ್ಯಾಂಡ್ ವೇಕ್‌ಬೋರ್ಡ್ ಕೊಳ್ಳುತ್ತೇನೆ ಅನ್ನುತ್ತಾನೆ. ಏನು ನೋಡಬೇಕು? – ಹೊಸನಗರದ ಓದುಗರು

ಉತ್ತರ: ಕೊಳ್ಳಲಿ, ಕಲಿಯುವವರಿಗೆ ಹಳೇದೇ ಸಾಕು. ಮೇಲಿನ ಗೀರು ನೋಡಿ ಹೆದರಬೇಕಾಗಿಲ್ಲ. ಅಂಚಿನಲ್ಲಿ ಬಿರುಕು ಬಿಟ್ಟು ಒಳಗಿನ ಫೋಮ್ ಕಾಣುತ್ತಿದ್ದರೆ ಬಿಟ್ಟುಬಿಡಲಿ, ನೀರು ಒಳಗೆ ಹೋಗಿರುತ್ತದೆ. ಅಂಥ ಬೋರ್ಡ್ ಕೈಗೆತ್ತಿಕೊಂಡರೆ ಭಾರ ಅನ್ನಿಸುತ್ತದೆ. ಬೈಂಡಿಂಗಿನ ಸ್ಕ್ರೂಗಳನ್ನು ಒಂದು ಸಲ ಬಿಚ್ಚಿ ಮತ್ತೆ ಹಾಕಿ ನೋಡಲಿ. ತೂತಿನೊಳಗಿನ ಸುತ್ತುಗೆರೆ ಸವೆದು ಸ್ಕ್ರೂ ಬಿಗಿಯಾಗದೆ ಸುತ್ತುತ್ತಲೇ ಇದ್ದರೆ ಆ ಬೋರ್ಡ್ ಮುಗಿಯಿತು. ಬಿಸಿಲಿಗೆ ಬಿದ್ದು ರಬ್ಬರ್ ಸೀಳಿದ್ದರೆ ಬೈಂಡಿಂಗ್ ಬೇರೆ ಹಾಕಿಸಬಹುದು, ರೇಟಿನಲ್ಲಿ ಅಷ್ಟು ಇಳಿಸಿ ಅಂತ ಕೇಳಲಿ.

ಪ್ರಶ್ನೆ: ನಮ್ಮದು ಶರಾವತಿ ಹಿನ್ನೀರಿನ ತುಮರಿ ಕಡೆ. ಸೇತುವೆ ಆದ ಮೇಲೆ ಪ್ರವಾಸಿಗಳು ಜಾಸ್ತಿ ಬರುತ್ತಿದ್ದಾರೆ. ಹಿನ್ನೀರಿನಲ್ಲಿ ಮೀನಿನ ಬೋಟಿಗೆ ಹಗ್ಗ ಕಟ್ಟಿ ವೇಕ್‌ಬೋರ್ಡ್ ಶುರು ಮಾಡಿದರೆ ಹೇಗೆ?

ಉತ್ತರ: ಆಸೆ ಅರ್ಥ ಆಗುತ್ತೆ. 2025ರ ಜುಲೈಯಲ್ಲಿ ಸೇತುವೆ ಶುರುವಾಯಿತು, ಹಿನ್ನೀರು ದಾಟಲು ಲಾಂಚಿಗೆ ಕಾಯುವ ಕಾಟ ತಪ್ಪಿತು. ಆದರೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಈ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಡ್ಯಾಮ್ ಆಗಿದ್ದು 1964ರಲ್ಲಿ. ಕಾಡು, ಗದ್ದೆ, ಮನೆ ಎಲ್ಲ ಮುಳುಗಿದ್ದು ನಿಮ್ಮ ಹಿರಿಯರಿಗೇ ಗೊತ್ತು. ಆ ಮರಗಳ ಬೊಡ್ಡೆ ಇವತ್ತಿಗೂ ಅಲ್ಲೇ ಇವೆ. ಬೇಸಿಗೆಯಲ್ಲಿ ನೀರು ಇಳಿದಾಗ ಕಪ್ಪಗೆ ಸಾಲಾಗಿ ಎದ್ದು ನಿಲ್ಲುತ್ತವಲ್ಲ. ಜಲಾಶಯದ ಭರ್ತಿ ಮಟ್ಟ 1819 ಅಡಿ, ಬೇಸಿಗೆಯಲ್ಲಿ ಅದು ಹತ್ತಾರು ಅಡಿ ಇಳಿಯುತ್ತದೆ. ಅಂದರೆ ನವೆಂಬರಿನಲ್ಲಿ ಬೊಡ್ಡೆ ಆಳದಲ್ಲಿದ್ದ ಜಾಗದಲ್ಲೇ ಫೆಬ್ರವರಿ ಹೊತ್ತಿಗೆ ಅದು ನೀರಿನ ಮಟ್ಟಕ್ಕಿಂತ ಒಂದು ಗೇಣು ಕೆಳಗೆ ಇರಬಹುದು. ಬೋಟಿನಲ್ಲಿ ಕೂತವರ ಕಣ್ಣಿಗೆ ಅದು ಬೀಳಲ್ಲ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಯಾರಾದರೂ ಅದರ ಮೇಲೆ ಬಿದ್ದರೆ ಏನಾಗುತ್ತೆ ಅಂತ ನಾನು ಬರೆಯಬೇಕಾಗಿಲ್ಲ. ಇನ್ನು ಮೀನಿನ ಬೋಟಿನ ಸಣ್ಣ ಇಂಜಿನ್ ದೊಡ್ಡ ಆಳನ್ನು ನೀರಿನಿಂದ ಎತ್ತುವುದೂ ಇಲ್ಲ. ಅರ್ಧ ಎದ್ದು ಅರ್ಧ ಮುಳುಗಿ ಎಳೆದಾಡಿದರೆ ಪ್ರವಾಸಿಗೆ ಹೊಟ್ಟೆ ತುಂಬ ಹಿನ್ನೀರು. ಸರ್ಕಾರದ ಜಲಾಶಯದಲ್ಲಿ ಅನುಮತಿ ಇಲ್ಲದೆ ದುಡ್ಡಿಗೆ ಜನರನ್ನು ಬೋಟಿನಲ್ಲಿ ಎಳೆಯುವ ಹಾಗೂ ಇಲ್ಲ.

ಇಂಜಿನ್ ಬೇಡದ ದಾರಿ ನೋಡಿ. ಇದೇ ಹಿನ್ನೀರಿನ ಹೊನ್ನೆಮರಡುವಿನಲ್ಲಿ ಕಯಾಕ್, ತೆಪ್ಪಗಳ ಮೇಲೆಯೇ ಜನ ಖುಷಿಪಟ್ಟು ಹೋಗುತ್ತಾರೆ. ಒಮ್ಮೆ ಹೋಗಿ, ಅಲ್ಲಿ ಜಾಕೆಟ್ ಹಾಕಿಸುವುದು, ದಡದಿಂದ ಎಷ್ಟು ದೂರ ಬಿಡುತ್ತಾರೆ ಅನ್ನುವುದು ನೋಡಿ ಬನ್ನಿ. ಕಯಾಕ್ ಕೊಳ್ಳುವ ಯೋಚನೆ ಬಂದರೆ ಮತ್ತೆ ಬರೆಯಿರಿ. ಒಬ್ಬರದ್ದು ಬೇಕೋ ಇಬ್ಬರದ್ದು ಬೇಕೋ, ಎಷ್ಟು ಇಡಬೇಕು ಅನ್ನೋದನ್ನು ಆಗ ಮಾತಾಡೋಣ.